ಭಾರದ ಹೈಡ್ರೋಜನ್

"ವೀಕ್ಷಾ, ಅನ್ನ ಆರಿಹೋಗ್ತಾ ಉಂಟು," ಎಂದು ತಾಯಿ ಚಂದ್ರಮತಿ ಮೂರನೆಯ ಸಲ ಕರೆದಾಗಲೂ ವೀಕ್ಷಾ ಲ್ಯಾಪ್‌ಟಾಪಿನಿಂದ ಕಣ್ಣು ಕೀಳಲಿಲ್ಲ. ಪರದೆಯ ತುಂಬ ಅಂಕಿಗಳ ಸಾಲು. ನಾಲ್ಕು ವರ್ಷದ ಹಿಂದೆ ಅವಳೇ ಕಂಪ್ಯೂಟರಿನಿಂದ ಮಾಡಿಸಿದ್ದ ಲೆಕ್ಕ ಅದು. ಅದರ ಒಂದು ಸಾಲಿನಲ್ಲಿ 1.0078 ಎಂದಿತ್ತು. ಅಲ್ಲಿ ಇರಬೇಕಾದದ್ದು 2.0141.

ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಓದಿದಳು. ಓದುವುದರಲ್ಲಿ ತಪ್ಪಾಗಿರಲಿಲ್ಲ. ಅದೇ ಲೆಕ್ಕದ ಇನ್ನೆರಡು ಕಡತಗಳನ್ನು ತೆರೆದಳು. ಅಲ್ಲಿಯೂ 1.0078. ಈ ಕಡತಗಳನ್ನು ಅವಳು ಇವತ್ತು ತೆರೆಯಬೇಕಾಗಿಯೇ ಇರಲಿಲ್ಲ. ಹನ್ನೆರಡು ದಿನಕ್ಕೆ ಪಿಎಚ್‌.ಡಿ. ವೈವಾ ಇತ್ತು, ಪರೀಕ್ಷಕರು ಏನಾದರೂ ಕೇಳಿದರೆ ತೋರಿಸಲು ಒಂದು ಪಟ್ಟಿ ಇರಲಿ ಎಂದು ಶನಿವಾರ ಮಧ್ಯಾಹ್ನ ಬಿಡುವಾಗಿ ಕೂತಿದ್ದಳು. ಕೆಳಗೆ ಬೀದಿಯಲ್ಲಿ ನೀರಿನ ಲಾರಿ ಬಂದು ಕೊಡಗಳ ಸದ್ದು ಶುರುವಾಗಿತ್ತು. ಫ್ಯಾನಿನ ಗಾಳಿಗೆ ಮೇಜಿನ ಮೇಲಿನ ಕಾಗದಗಳು ಅಲುಗುತ್ತಿದ್ದವು.

ಅವಳ ಐದು ವರ್ಷದ ಕೆಲಸವೆಲ್ಲ ಒಂದು ಔಷಧದ ಅಣುವಿನ ಮೇಲೆ. ಆ ಅಣುವಿನಲ್ಲಿ ಒಂದು ಹೈಡ್ರೋಜನ್ ಪರಮಾಣು ತಾನಿದ್ದ ಜಾಗ ಬಿಟ್ಟು ಪಕ್ಕದ ಜಾಗಕ್ಕೆ ದಾಟುತ್ತದೆ. ದಾಟಿತೆಂದರೆ ಔಷಧ ಕೆಟ್ಟಂತೆ. ನಡುವೆ ಶಕ್ತಿಯ ಒಂದು ಗೋಡೆ ಇದೆ. ಆದರೆ ಹೈಡ್ರೋಜನ್ ಎಷ್ಟು ಹಗುರವೆಂದರೆ, ಗೋಡೆಯನ್ನು ಹತ್ತದೆ ಅದರ ಮೂಲಕವೇ ಆಚೆ ತೂರಿಕೊಳ್ಳುವುದೂ ಉಂಟು. ಆ ಜಾಗದಲ್ಲಿ ಭಾರದ ಹೈಡ್ರೋಜನ್ ಇಟ್ಟರೆ, ಅಂದರೆ ಗುಣದಲ್ಲಿ ಅದೇ ಆಗಿ ತೂಕದಲ್ಲಿ ಮಾತ್ರ ಎರಡರಷ್ಟಿರುವ ಪರಮಾಣುವನ್ನು ಇಟ್ಟರೆ, ತೂರುವುದು ಕಷ್ಟವಾಗುತ್ತದೆ. ಔಷಧ ಹೆಚ್ಚು ದಿನ ಬಾಳುತ್ತದೆ. ಎಷ್ಟು ಹೆಚ್ಚು ದಿನ ಎನ್ನುವುದೇ ಪ್ರಶ್ನೆ.

ದಾಟುವುದು ಏಳೆಂಟು ಪಟ್ಟಾದರೂ ನಿಧಾನವಾಗಬೇಕು ಎಂಬುದು ಎಲ್ಲರೂ ಒಪ್ಪಿದ್ದ ಅಂದಾಜು. ವೀಕ್ಷಾಳ ಮಾರ್ಗದರ್ಶಕಿ ಡಾಕ್ಟರ್ ಜಯಲಕ್ಷ್ಮಮ್ಮ ಮಾತ್ರ ಇಪ್ಪತ್ತೊಂದು ವರ್ಷದಿಂದ ಬೇರೆ ಮಾತು ಹೇಳುತ್ತಿದ್ದರು. ಅಷ್ಟು ಚಿಕ್ಕ ಲೋಕದಲ್ಲಿ ಯಾವುದೂ ಪೂರ್ತಿ ಸುಮ್ಮನೆ ಕೂರುವುದಿಲ್ಲ. ಕೂಡಿಹಾಕಿದ ಜಾಗ ಕಿರಿದಾದಷ್ಟೂ ಚಡಪಡಿಕೆ ಹೆಚ್ಚು, ತೂಕ ಹೆಚ್ಚಿದಷ್ಟೂ ಕಡಿಮೆ. ಭಾರದ ಹೈಡ್ರೋಜನ್ ಕಡಿಮೆ ಚಡಪಡಿಸುವುದರಿಂದ ಅದರ ಎರಡು ಬದಿಯ ಪರಮಾಣುಗಳು ಒಂದಿಷ್ಟು ಹತ್ತಿರ ಸರಿಯುತ್ತವೆ, ದಾಟಬೇಕಾದ ದಾರಿಯೇ ಗಿಡ್ಡವಾಗುತ್ತದೆ. ತೂಕ ತಡೆದದ್ದನ್ನು ಕಡಿಮೆಯಾದ ದೂರ ವಾಪಸು ಕೊಡುತ್ತದೆ, ಹಾಗಾಗಿ ಅಷ್ಟೇನೂ ನಿಧಾನವಾಗುವುದಿಲ್ಲ ಎಂಬುದು ಅವರ ವಾದ. ಪುಣೆಯ ಒಂದು ಸಮ್ಮೇಳನದಲ್ಲಿ ದೊಡ್ಡ ಪ್ರೊಫೆಸರರೊಬ್ಬರು ಇದನ್ನು ಕೇಳಿ "ಚೆಂದದ ಕಲ್ಪನೆ" ಎಂದು ನಕ್ಕಿದ್ದರಂತೆ. ಆ ನಗುವನ್ನು ಜಯಲಕ್ಷ್ಮಮ್ಮ ಮರೆತಿರಲಿಲ್ಲ. ವೀಕ್ಷಾಳ ಲೆಕ್ಕದಲ್ಲಿ ನಿಧಾನವಾದದ್ದು ಎರಡೇ ಪಟ್ಟು ಎಂದು ಬಂದ ದಿನ ಅವರು ತಮ್ಮ ರಸಾಯನಶಾಸ್ತ್ರ ವಿಭಾಗದವರಿಗೆಲ್ಲ ತಾವೇ ಕಾಫಿ ತರಿಸಿದ್ದರು. ಇಬ್ಬರ ಹೆಸರಿನ ಪ್ರಬಂಧ ಒಳ್ಳೆಯ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು.

ಈಗ ನೋಡಿದರೆ, ಲೆಕ್ಕದ ಮೊದಲ ಹಂತದಲ್ಲಿ ಅವಳು ಭಾರದ ತೂಕವನ್ನು ಸರಿಯಾಗಿಯೇ ಕೊಟ್ಟಿದ್ದಳು. ಗೋಡೆ ತೂರುವ ಎರಡನೆಯ ಹಂತಕ್ಕೆ ಅದನ್ನು ಮತ್ತೊಮ್ಮೆ ಕೊಡಬೇಕಿತ್ತು. ಕೊಟ್ಟಿರಲಿಲ್ಲ. ಕಂಪ್ಯೂಟರು ತನಗೆ ಗೊತ್ತಿದ್ದ ಹಗುರದ ಹೈಡ್ರೋಜನ್ನನ್ನೇ ಹಾಕಿಕೊಂಡಿತ್ತು. ಅದರ ತೂಕವೇ ಆ 1.0078.

ಮೂರು ಗಂಟೆಗೆ ಅವಳ ಅಪ್ಪ ಕಿಟ್ಟಣ್ಣ ಮನೆಗೆ ಬಂದರು. ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನ ಗೇಟಿನ ಎದುರು ಅವರದೊಂದು ಸಣ್ಣ ಸಸ್ಯಾಹಾರಿ ಹೋಟೆಲು. ಊಟದ ಗಲಾಟೆ ಮುಗಿದ ಮೇಲೆ ಒಂದು ಗಂಟೆ ಮಲಗುವುದಕ್ಕೆ ಬರುತ್ತಿದ್ದರು. ಚಪ್ಪಲಿ ಕಳಚುತ್ತಲೇ ಮಗಳ ಮುಖ ನೋಡಿದರು.

"ಎಂತ ಮೋರೆ ಇದು?"

"ಊಟ ಮಾಡ್ಲಿಲ್ಲ ಅವಳು," ಎಂದರು ಚಂದ್ರಮತಿ. "ಎಂತದೋ ತಪ್ಪು ಸಿಕ್ಕಿದೆಯಂತೆ."

"ಯಾರದ್ದು ತಪ್ಪು?"

"ನನ್ನದೇ ಅಪ್ಪಾ. ಭಾರದ ಹೈಡ್ರೋಜನ್ ಹಾಕಿದ್ದೇನೆ ಅಂತ ಬರ್ದಿದ್ದೇನೆ. ಹಾಕಿದ್ದು ಹಗುರದ್ದು."

ಕಿಟ್ಟಣ್ಣ ಕುರ್ಚಿಯಲ್ಲಿ ಕೂತು ಸ್ವಲ್ಪ ಯೋಚಿಸಿದರು. ಅವರು ಓದಿದ್ದು ಹತ್ತನೆಯವರೆಗೆ, ಕುಂದಾಪುರದ ಶಾಲೆಯಲ್ಲಿ. ಮಗಳ ಕೆಲಸದ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅದು ಔಷಧಕ್ಕೆ ಸಂಬಂಧಪಟ್ಟದ್ದು ಮತ್ತು ತುಂಬ ಸಣ್ಣದು ಎಂದಷ್ಟೇ.

"ಅದು ಎಷ್ಟು ತೂಕದ ವಸ್ತು?"

"ಅಯ್ಯೋ ಅಪ್ಪಾ, ಕಣ್ಣಿಗೆ ಕಾಣೂದಿಲ್ಲ ಅದು."

"ಕಣ್ಣಿಗೆ ಕಾಣದ್ದನ್ನು ಯಾರು ತೂಗಿ ನೋಡ್ತಾರೆ? ವೈವಾ ಮುಗೀಲಿ. ಡಿಗ್ರಿ ಕೈಗೆ ಬರ್ಲಿ. ಪೆರುಂಗುಡಿ ಕಂಪನಿಯವ್ರು ಒಂದನೇ ತಾರೀಕು ಬನ್ನಿ ಅಂತ ಲೆಟರ್ ಕೊಟ್ಟಿದ್ದಾರಲ್ಲ, ಹೋಗಿ ಸೇರ್ಕೋ. ಮತ್ತೆ ನಿಧಾನಕ್ಕೆ ಹೇಳಿದ್ರಾಯ್ತು."

"ಮೇಡಂ ಶುಕ್ರವಾರ ಅದನ್ನೇ ಮಾತಾಡೋದು. ರಿಟೈರ್ ಆಗ್ತಿದ್ದಾರೆ. ಹೊರಗಿನಿಂದೆಲ್ಲ ಜನ ಬರ್ತಾರೆ."

"ಹಾಗಾದ್ರೆ ಮೊದ್ಲೇ ಹೇಳ್ಬೇಡ. ಆ ಹೆಂಗಸಿನ ಸಂತೋಷ ಯಾಕೆ ಹಾಳು ಮಾಡೂದು?" ಎಂದು ಅವರು ಎದ್ದು ಒಳಗೆ ಹೋದರು. ಆದರೆ ಮಲಗಿದ ಸದ್ದು ಕೇಳಲಿಲ್ಲ.

ಚಂದ್ರಮತಿ ಅನ್ನವನ್ನು ಮತ್ತೆ ಬಿಸಿ ಮಾಡಿ, ಸಾರು ಹಾಕಿ ಮಗಳ ಮುಂದಿಟ್ಟರು. "ಅಪ್ಪ ಹೇಳಿದ್ದು ಅಪ್ಪನ ಹೆದ್ರಿಕೆ. ನೀನು ಹೇಳಿ ಬಾ ಅವ್ರ ಹತ್ರ. ಹೇಳದಿದ್ರೆ ನಿಂಗೆ ಊಟ ಸೇರೂದಿಲ್ಲ. ಹನ್ನೆರಡು ದಿನ ಅದನ್ನು ನೋಡ್ಲಿಕ್ಕೆ ನನ್ನಿಂದ ಆಗೂದಿಲ್ಲ."

ಮರುದಿನ ಬೆಳಿಗ್ಗೆ ವೀಕ್ಷಾ ಪೋರೂರಿಗೆ ಹೋದಳು. ಜಯಲಕ್ಷ್ಮಮ್ಮನವರ ಮನೆ ಕೆರೆಯ ಬದಿಯ ಹಳೆಯ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿತ್ತು. ಮಳವಳ್ಳಿಯಿಂದ ಬಂದು ಮೂವತ್ತು ವರ್ಷ ಈ ಊರಿನಲ್ಲಿದ್ದರೂ ಅವರ ತಮಿಳು ಆಟೋದವರ ಜೊತೆ ಜಗಳವಾಡುವಷ್ಟಕ್ಕೇ ನಿಂತಿತ್ತು. ಮದುವೆಯಾಗಿರಲಿಲ್ಲ. ವಿಭಾಗದಲ್ಲಿ ಎಲ್ಲರ ಜೊತೆ ಇಂಗ್ಲಿಷಿನಲ್ಲಿ ಬಿಗಿಯಾಗಿರುತ್ತಿದ್ದವರು, ವೀಕ್ಷಾ ಕನ್ನಡದವಳೆಂದು ತಿಳಿದ ಮೇಲೆ ಅವಳೊಬ್ಬಳ ಜೊತೆ ಊರಿನ ಮಾತಿನಲ್ಲಿ ಬಯ್ಯುತ್ತಿದ್ದರು. ಅದನ್ನು ಅವಳು ಪ್ರೀತಿಯೆಂದೇ ತಿಳಿದಿದ್ದಳು.

"ಏನಮ್ಮ, ಇಷ್ಟೊತ್ಗೇ ಬಂದ್ಬಿಟ್ಟೆ?" ಎಂದು ಬಾಗಿಲು ತೆಗೆದ ಜಯಲಕ್ಷ್ಮಮ್ಮ, ನೆಲದ ಮೇಲೆ ಪೇಪರು ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದವರು, ಮತ್ತೆ ಅಲ್ಲೇ ಕೂತರು. "ಕೂತ್ಕೊ. ನೀನೂ ಒಂದ್ ಕಟ್ಟು ತಗೊ. ಶುಕ್ರವಾರದ ಸ್ಲೈಡೆಲ್ಲ ಮುಗೀತು ಕಣೆ. ಕೊನೇಲಿ ನಿನ್ ಗ್ರಾಫ್ ಒಂದೇ ಹಾಕ್ತೀನಿ. ಅದ್ರ ಮೇಲೆ ಒಂದಕ್ಷರ ಬರೆಯಲ್ಲ. ಪುಣೆಯವ್ರೂ ಬರ್ತಾರಂತೆ, ಗೊತ್ತಾ?"

ವೀಕ್ಷಾ ಸೊಪ್ಪಿನ ಕಟ್ಟು ಕೈಗೆ ತೆಗೆದುಕೊಂಡಳು. ಬಸ್ಸಿನಲ್ಲಿ ಬರುವಾಗ ಹೇಗೆ ಶುರುಮಾಡಬೇಕೆಂದು ನಾಲ್ಕಾರು ವಾಕ್ಯ ಜೋಡಿಸಿಟ್ಟಿದ್ದಳು. ಅವು ಯಾವುವೂ ಬಾಯಿಗೆ ಬರಲಿಲ್ಲ.

"ಮೇಡಂ, ಆ ಗ್ರಾಫ್ ತಪ್ಪುಂಟು."

ಜಯಲಕ್ಷ್ಮಮ್ಮ ನಗುಮುಖದಲ್ಲೇ ಇದ್ದರು. "ಯಾವ್ದು, ಅಳತೆ ಗೆರೇನಾ? ಸರಿಮಾಡಿದ್ನಲ್ಲ."

"ಅಲ್ಲ. ಎರಡನೇ ಹಂತದಲ್ಲಿ ಮಾಸ್ ಹಗುರದ್ದೇ ಹೋಗಿದೆ. ಮೂರು ಫೈಲಲ್ಲೂ. ನಾನು ಮತ್ತೆ ಕೊಡ್ಲಿಲ್ಲ."

ಸ್ವಲ್ಪ ಹೊತ್ತು ಅವರು ಬಿಡಿಸುತ್ತಿದ್ದ ದಂಟನ್ನು ಬಿಡಿಸುತ್ತಲೇ ಇದ್ದರು. ಎಲೆ ಪೂರ್ತಿ ಮುಗಿದ ಮೇಲೂ ಬೆರಳು ದಂಟಿನ ಮೇಲೆ ಓಡಿತು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, "ಔಟ್‌ಪುಟ್ ತೋರ್ಸು," ಎಂದರು.

ವೀಕ್ಷಾ ಲ್ಯಾಪ್‌ಟಾಪ್ ತೆರೆದು ಸಾಲನ್ನು ತೋರಿಸಿದಳು. ಜಯಲಕ್ಷ್ಮಮ್ಮ ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಾಗಿ ನೋಡಿದರು. ಮೂರೂ ಕಡತ ನೋಡಿದರು. ಮೊದಲನೆಯದನ್ನು ಮತ್ತೊಮ್ಮೆ ನೋಡಿದರು.

"ಸರಿ ಮಾಡಿ ನೋಡಿದ್ಯಾ?"

"ನಿನ್ನೆ ಸಂಜೆ ಒಂದು ಮಾತ್ರ. ಅಂದಾಜಿಗೆ. ಹತ್ತು ಪಟ್ಟಿನ ಮೇಲೆ ಬರ್ತದೆ."

"ಹತ್ತು."

"ಹೆಚ್ಚೇ ಇರ್ಬಹುದು."

"ನಾಲ್ಕು ವರ್ಷ," ಎಂದರು ಜಯಲಕ್ಷ್ಮಮ್ಮ. ದನಿ ಏರಿತು. "ನಾಲ್ಕು ವರ್ಷ ಈ ಒಂದು ಸಾಲು ನಿನ್ ಕಣ್ಣಿಗೆ ಬೀಳ್ಲಿಲ್ವ? ಏನ್ ಮಾಡ್ತಿದ್ದೆ? ಮೊದಲ್ನೇ ದಿನ ಏನ್ ಹೇಳ್ಕೊಟ್ಟಿದ್ದೆ ನಾನು? ಮೊದ್ಲು ಮಾಸ್ ನೋಡು, ಆಮೇಲೆ ಮಿಕ್ಕಿದ್ದು. ಹೇಳಿದ್ನೋ ಇಲ್ವೋ?"

"ಹೇಳಿದ್ರಿ."

"ಹೇಳ್ದೆ. ಹೇಳ್ದೆ, ಆದ್ರೆ ನಾನೂ ನೋಡ್ಲಿಲ್ಲ." ಅವರು ಎದ್ದು ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಬಹಳ ಹೊತ್ತು ನೀರು ಸುರಿಯುತ್ತಲೇ ಇತ್ತು. ಕಿಟಕಿಯಾಚೆ ಪೋರೂರು ಕೆರೆ ಬಿಸಿಲಿಗೆ ತಗಡಿನ ಹಾಗೆ ಹೊಳೆಯುತ್ತಿತ್ತು. ವೀಕ್ಷಾ ಮೆಂತ್ಯದ ಕಟ್ಟನ್ನು ಪೂರ್ತಿ ಬಿಡಿಸಿ ಮುಗಿಸಿದಳು. ಮಾಡುವುದಕ್ಕೆ ಬೇರೇನೂ ಇರಲಿಲ್ಲ.

ವಾಪಸು ಬಂದಾಗ ಜಯಲಕ್ಷ್ಮಮ್ಮನವರ ಮುಖ ಒದ್ದೆಯಿತ್ತು. ಕೈಯಲ್ಲಿ ಎರಡು ಲೋಟ ಕಾಫಿ. ಅವರು ಅವಳ ಕಡೆ ನೋಡದೆ ಮಾತಾಡಿದರು.

"ಒಂದ್ ಕೆಲಸ ಮಾಡನ. ಶುಕ್ರವಾರ ಮುಗೀಲಿ. ಶನಿವಾರ ಕೂತ್ಕೊಂಡು ಎಲ್ಲ ಸರಿ ಮಾಡನ. ಪತ್ರಿಕೆಗೆ ತಿದ್ದುಪಡಿ ಕಳ್ಸನ, ವೈವಾ ಮುಂದಕ್ಕೆ ಹಾಕ್ಸನ. ಐದು ದಿನದಲ್ಲಿ ಏನೂ ಕೊಳ್ಳೆ ಹೋಗಲ್ಲ."

ವೀಕ್ಷಾ ತಲೆಯೆತ್ತಿ ನೋಡಿದಳು. ಈ ಐದು ವರ್ಷದಲ್ಲಿ ಅವರು ಯಾವತ್ತೂ ಅವಳನ್ನು ಏನನ್ನೂ ಬೇಡಿರಲಿಲ್ಲ. ಹೇಳುತ್ತಿದ್ದರು, ಇವಳು ಮಾಡುತ್ತಿದ್ದಳು. ಈಗ ಅವರ ದನಿಯಲ್ಲಿ ಇದ್ದದ್ದು ಬೇರೆ.

"ಆಯ್ತು ಮೇಡಂ," ಎಂದಳು.

ಸೋಮವಾರ ಬೆಳಿಗ್ಗೆ ಎದ್ದು ಫೋನ್ ನೋಡಿದಾಗ ಹೈದರಾಬಾದಿನಿಂದ ಒಂದು ಇ-ಮೇಲ್ ಬಂದಿತ್ತು. ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ಈ ಔಷಧವನ್ನು ನಿಜವಾಗಿ ತಯಾರಿಸುತ್ತಿದ್ದವರು ಅನಿಕೇತ್ ಎಂಬ ಸಂಶೋಧನಾ ವಿದ್ಯಾರ್ಥಿ. ವೀಕ್ಷಾ ಅವರನ್ನು ನೋಡಿರಲಿಲ್ಲ, ಇ-ಮೇಲಿನಲ್ಲಷ್ಟೇ ಪರಿಚಯ. ಆ ಜಾಗದಲ್ಲಿ ಭಾರದ ಹೈಡ್ರೋಜನ್ ಇಟ್ಟು ಪ್ರಯೋಜನವಿಲ್ಲ, ಎರಡೇ ಪಟ್ಟು ವ್ಯತ್ಯಾಸ ಎಂದು ಇವಳ ಪ್ರಬಂಧ ಓದಿದ ಮೇಲೆ, ಅವರು ಅಣುವಿನ ಆಕಾರವನ್ನೇ ಬದಲಿಸುವ ಉದ್ದದ ದಾರಿ ಹಿಡಿದಿದ್ದರು. ಇ-ಮೇಲಿನಲ್ಲಿ ಹೀಗಿತ್ತು: ಇವತ್ತು ಹನ್ನೊಂದು ಗಂಟೆಗೆ ಮೊದಲ ಹಂತ ಶುರು ಮಾಡುತ್ತಿದ್ದೇವೆ, ಎಂಟು ತಿಂಗಳ ಕೆಲಸ, ಅದರ ವೇಳಾಪಟ್ಟಿ ಜೊತೆಗಿದೆ. ನಿಮ್ಮ ಲೆಕ್ಕ ಇಲ್ಲದಿದ್ದರೆ ನಾವು ತಪ್ಪು ದಾರಿಯಲ್ಲಿ ಹೋಗಿಬಿಡುತ್ತಿದ್ದೆವು, ಧನ್ಯವಾದ.

ಅವಳು ಆ ಕೊನೆಯ ವಾಕ್ಯವನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿದಳು. ವೇಳಾಪಟ್ಟಿ ತೆರೆದಳು. ಮಾರ್ಚಿನವರೆಗೆ ವಾರ ವಾರಕ್ಕೂ ಒಂದೊಂದು ಚೌಕ, ಒಂದೊಂದು ಬಣ್ಣ. ದೀಪಾವಳಿಯ ಮೂರು ದಿನ ಮಾತ್ರ ಖಾಲಿ ಬಿಟ್ಟಿದ್ದರು.

ಜಯಲಕ್ಷ್ಮಮ್ಮನವರಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಪೆರಂಬೂರು ಸ್ಟೇಷನ್ನಿನಲ್ಲಿ ನಿಂತು ಮತ್ತೆ ಮಾಡಿದಳು. ರಿಂಗ್ ಪೂರ್ತಿ ಆಗಿ ನಿಂತಿತು. ರೈಲು ಬಂತು. ಹೆಂಗಸರ ಡಬ್ಬಿಯಲ್ಲಿ ಬಾಗಿಲ ಬಳಿ ಒರಗಿಕೊಂಡು, ಒಂದು ಕೈಯಲ್ಲಿ ಸರಳು ಹಿಡಿದು, ಇನ್ನೊಂದರ ಹೆಬ್ಬೆರಳಿನಲ್ಲಿ ಟೈಪು ಮಾಡಿದಳು. ದಯವಿಟ್ಟು ಇವತ್ತು ಶುರು ಮಾಡಬೇಡಿ. ನಮ್ಮ ಲೆಕ್ಕದಲ್ಲಿ ತಪ್ಪಿದೆ. ತಪ್ಪು ನನ್ನದು. ಎರಡನೆಯ ಹಂತದಲ್ಲಿ ಹಗುರದ ಹೈಡ್ರೋಜನ್ನಿನ ತೂಕ ಹೋಗಿದೆ. ನೀವು ಬಿಟ್ಟ ದಾರಿಯೇ ಸರಿಯಿರಬಹುದು, ಸರಿಯಾದ ಉತ್ತರ ಸಿಕ್ಕ ಕೂಡಲೇ ಕಳಿಸುತ್ತೇನೆ. ಪ್ರತಿಯನ್ನು ಮೇಡಮ್ಮಿಗೂ ಹಾಕಿದಳು. ವ್ಯಾಸರಪಾಡಿ ದಾಟುವಾಗ ಕಳಿಸಿದಳು. ಕಳಿಸಿದ ಮೇಲೆ ಸರಳಿಗೆ ಹಣೆ ಆನಿಸಿ ನಿಂತಾಗ, ಎದುರಿಗಿದ್ದ ಹೂವಿನ ಬುಟ್ಟಿಯ ಹೆಂಗಸು "ಏನ್ಮಾ, ಉಕ್ಕಾರು" ಎಂದು ಸರಿದು ಕೂರಲು ಜಾಗ ಕೊಟ್ಟಳು.

ವಿಭಾಗದ ಮೆಟ್ಟಿಲಿನ ಮೇಲೆಯೇ ಜಯಲಕ್ಷ್ಮಮ್ಮ ಸಿಕ್ಕಿದರು.

"ಕಳಿಸ್ಬಿಟ್ಯಾ?"

"ಹೌದು ಮೇಡಂ. ಅವ್ರು ಹನ್ನೊಂದಕ್ಕೆ ಶುರು ಮಾಡೋರಿದ್ರು. ನಾನು ನಿಮ್ಗೆ ಎರಡು ಸಲ ಫೋನ್…"

"ನೋಡ್ದೆ."

ಅಷ್ಟೇ ಹೇಳಿ ಅವರು ತಮ್ಮ ಕೋಣೆಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ಐದು ವರ್ಷದಲ್ಲಿ ಆ ಬಾಗಿಲು ಹಗಲು ಹೊತ್ತಿನಲ್ಲಿ ಮುಚ್ಚಿದ್ದನ್ನು ಅವಳು ನೋಡಿರಲಿಲ್ಲ.

ಆ ನಾಲ್ಕು ದಿನ ಅವಳಿಗೆ ತುಂಬ ಉದ್ದವಾದವು. ಅನಿಕೇತ್ ಸೋಮವಾರವೇ ಫೋನ್ ಮಾಡಿದ್ದರು. ಇಂಗ್ಲಿಷಿನಲ್ಲಿ, ಸಾಮಾನನ್ನು ಇನ್ನೂ ಬಿಚ್ಚಿರಲಿಲ್ಲ, ನಿಲ್ಲಿಸಿದ್ದೇವೆ, ಎಂದರು. ಸಿಟ್ಟಿತ್ತೋ ಇಲ್ಲವೋ ದನಿಯಿಂದ ತಿಳಿಯಲಿಲ್ಲ. ಮಂಗಳವಾರ ಅವಳು ವೈವಾ ಮುಂದೂಡಲು ಅರ್ಜಿ ಕೊಟ್ಟಳು. ಮಾರ್ಗದರ್ಶಕರ ಸಹಿಯ ಜಾಗದಲ್ಲಿ ಜಯಲಕ್ಷ್ಮಮ್ಮ ಮಾತಿಲ್ಲದೆ ಸಹಿ ಮಾಡಿಕೊಟ್ಟರು. ಬುಧವಾರ ಪೆರುಂಗುಡಿಯ ಕಂಪನಿಯ ಹುಡುಗಿಯೊಬ್ಬಳು ಬಹಳ ಮರ್ಯಾದೆಯಿಂದ, ಈ ತಿಂಗಳು ಡಿಗ್ರಿ ಇಲ್ಲದಿದ್ದರೆ ಆ ಜಾಗವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ, ಎಂದಳು. ಅದನ್ನು ಮನೆಯಲ್ಲಿ ಹೇಳಿದಳು. ಸಂಜೆ ಕಿಟ್ಟಣ್ಣ ಹೋಟೆಲಿನಿಂದ ಬಿಸಿ ಗೋಳಿಬಜೆಯ ಪೊಟ್ಟಣ ತಂದು ಅವಳ ಮೇಜಿನ ಮೇಲಿಟ್ಟು, "ವಿಡುಮ್ಮಾ, ಪಾತ್ಕಲಾಂ," ಎಂದರು. ಬಿಡಮ್ಮ, ನೋಡಿಕೊಳ್ಳೋಣ ಎಂದು ಗಿರಾಕಿಗಳಿಗೆ ಸಮಾಧಾನ ಹೇಳುವಾಗ ಅವರ ಬಾಯಲ್ಲಿ ಬರುತ್ತಿದ್ದದ್ದು ತಮಿಳು. ಮಗಳಿಗೆ ಅದನ್ನು ಹೇಳಿದ್ದು ಅದೇ ಮೊದಲು.

"ನೀವೇ ಅಲ್ವಾ ಹೇಳ್ಬೇಡ ಅಂದದ್ದು?" ಎಂದಳು ವೀಕ್ಷಾ.

"ಅಂದಿದ್ದೆ. ನನ್ನ ಮಾತು ನೀನು ಯಾವಾಗ ಕೇಳಿದ್ದೀ?" ಎಂದು ಅವರು ಒಂದು ಬಜೆಯನ್ನು ತಾವೇ ಬಾಯಿಗೆ ಹಾಕಿಕೊಂಡರು.

ಶುಕ್ರವಾರ ಸಭಾಂಗಣ ತುಂಬಿತ್ತು. ಹೊರಗಿನಿಂದ ಬಂದವರು ಮುಂದಿನ ಸಾಲುಗಳಲ್ಲಿದ್ದರು. ಪುಣೆಯ ಆ ಪ್ರೊಫೆಸರರೂ ಇದ್ದರು. ಈಗ ಕೋಲು ಹಿಡಿದು ನಡೆಯುತ್ತಿದ್ದರು. ವೀಕ್ಷಾ ಹಿಂದಿನ ಬಾಗಿಲ ಪಕ್ಕ ಕೂತಳು. ಬೇಕಾದರೆ ಎದ್ದು ಹೋಗಬಹುದು ಎಂದು. ವಿಭಾಗದ ಮುಖ್ಯಸ್ಥರು ಹೊಗಳಿಕೆಯ ಮಾತಾಡಿ, ಶಾಲು ಹೊದಿಸಿ, ಮೈಕನ್ನು ಜಯಲಕ್ಷ್ಮಮ್ಮನವರಿಗೆ ಕೊಟ್ಟರು.

ಅವರು ಮೈಕನ್ನು ಮೇಜಿನ ಮೇಲಿಟ್ಟರು. ಪರದೆಯನ್ನು ಮೇಲಕ್ಕೆ ಸುತ್ತಿಸಿದರು. ಹಿಂದೆ ಹಳೆಯ ಕರಿಹಲಗೆ ಇತ್ತು. ಸೀಮೆಸುಣ್ಣ ತೆಗೆದುಕೊಂಡು ಒಂದು ಪೆಟ್ಟಿಗೆ ಬರೆದರು, ಒಳಗೆ ಒಂದು ಚುಕ್ಕೆ ಇಟ್ಟರು. ಮೊದಲ ವರ್ಷದ ಎಂ.ಎಸ್ಸಿ. ಮಕ್ಕಳಿಗೆ ಪಾಠ ಮಾಡುವ ಹಾಗೆ ಇಂಗ್ಲಿಷಿನಲ್ಲಿ ಶುರು ಮಾಡಿದರು. ಪೆಟ್ಟಿಗೆ ಚಿಕ್ಕದಾದರೆ ಶಕ್ತಿ ಏನಾಗುತ್ತದೆ, ಚುಕ್ಕೆಯ ತೂಕ ಹೆಚ್ಚಾದರೆ ಏನಾಗುತ್ತದೆ. ಮುಂದಿನ ಸಾಲಿನಲ್ಲಿ ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ಇಪ್ಪತ್ತು ನಿಮಿಷ ಅವರು ತಮ್ಮ ಇಪ್ಪತ್ತೊಂದು ವರ್ಷದ ವಾದವನ್ನು ಹೇಳಿದರು. ಎಲ್ಲಿಯೂ ಅವಸರವಿರಲಿಲ್ಲ. ಆಮೇಲೆ ಹಲಗೆಯ ಬಲಗಡೆಯಲ್ಲಿ ದೊಡ್ಡದಾಗಿ 2 ಎಂದು ಬರೆದರು.

"ಇದನ್ನು ನಾವು ಅಚ್ಚು ಹಾಕಿಸಿದೆವು," ಎಂದರು. "ಇದು ತಪ್ಪು." ಕೈಯಿಂದಲೇ ಅದನ್ನು ಒರೆಸಿದರು.

ಎಲ್ಲೋ ಹಿಂದೆ ಒಂದು ಕುರ್ಚಿ ಕಿರುಗುಟ್ಟಿತು.

ಒರೆಸಿದ ಜಾಗದಲ್ಲಿ ಅವರು 14 ಎಂದು ಬರೆದರು. ತೂಕವೊಂದೇ ಬದಲಾದರೆ ಇಷ್ಟು ಪಟ್ಟು ನಿಧಾನವಾಗಬೇಕು, ಎಂದರು. ಅದರ ಕೆಳಗೆ 12 ಎಂದು ಬರೆದರು. ನಿಜವಾಗಿ ಆಗುವುದು ಇಷ್ಟು. ಸೋಮವಾರದಿಂದ ನಿನ್ನೆಯವರೆಗೆ ನಾನೇ ಕೂತು ಮೂರು ಸಲ ಮಾಡಿದ್ದೇನೆ, ಪತ್ರಿಕೆಗೂ ಬರೆದಿದ್ದೇನೆ. ದೂರ ವಾಪಸು ಕೊಡುವುದು ನಿಜ. ಕೊಡುವುದು ಇಷ್ಟೇ. ಹೀಗೆಂದು ಅವರು ಎರಡು ಅಂಕಿಗಳ ನಡುವಿನ ಸಂದನ್ನು ಸೀಮೆಸುಣ್ಣದಿಂದ ಮುಟ್ಟಿ ತೋರಿಸಿದರು. ನೀರು ಕುಡಿದರು.

ವೀಕ್ಷಾಳಿಗೆ ಆಗ ತಿಳಿಯಿತು, ಮುಚ್ಚಿದ ಬಾಗಿಲ ಹಿಂದೆ ನಾಲ್ಕು ದಿನ ಏನು ನಡೆದಿತ್ತೆಂದು.

ಪ್ರಶ್ನೆಗಳ ಹೊತ್ತಿನಲ್ಲಿ ಪುಣೆಯ ಪ್ರೊಫೆಸರರು ಕೋಲನ್ನು ಊರಿ ಅರ್ಧ ಎದ್ದು ಕೇಳಿದರು, ಅಚ್ಚಾದ ಮೇಲೆ ಇದು ಗೊತ್ತಾದದ್ದು ಹೇಗೆ, ಬೇರೆ ಯಾರಾದರೂ ಎತ್ತಿ ತೋರಿಸಿದರೇ?

"ಇಲ್ಲ. ನನ್ನ ವಿದ್ಯಾರ್ಥಿನಿ ಕಂಡುಹಿಡಿದಳು. ಹಿಂದೆ ಕೂತಿದ್ದಾಳೆ. ಅವಳನ್ನೇ ಕೇಳಿ."

ನೂರು ತಲೆಗಳು ತಿರುಗಿದವು. ವೀಕ್ಷಾ ಎದ್ದು ನಿಂತಳು. "ತಪ್ಪು ಮಾಡಿದ್ದೂ ನಾನೇ, ಸರ್," ಎಂದಳು ಇಂಗ್ಲಿಷಿನಲ್ಲಿ, ಮತ್ತು ಯಾವ ಕಡತದ ಯಾವ ಸಾಲಿನಲ್ಲಿ, ಯಾವ ಹಂತದಲ್ಲಿ ತೂಕ ತಪ್ಪಿತೆಂದು ಹೇಳಿದಳು. ಹೇಳುತ್ತ ಹೋದಂತೆ ದನಿ ತಾನಾಗಿ ಸರಿಯಾಯಿತು. ಪ್ರೊಫೆಸರರು ಅದನ್ನು ತಮ್ಮ ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಜಯಲಕ್ಷ್ಮಮ್ಮನವರ ಕಡೆ ತಿರುಗಿ, ಹದಿನಾಲ್ಕಕ್ಕೂ ಹನ್ನೆರಡಕ್ಕೂ ನಡುವಿನ ಆ ವ್ಯತ್ಯಾಸ ಬೇರೆ ಅಣುಗಳಲ್ಲೂ ಬರುತ್ತದೆಯೇ ನೋಡಿದ್ದೀರಾ, ಎಂದು ಕೇಳಿದರು. ನಗುತ್ತಿರಲಿಲ್ಲ.

"ಇಲ್ಲ. ಇನ್ನು ಯಾರಾದರೂ ನೋಡಬೇಕು," ಎಂದರು ಜಯಲಕ್ಷ್ಮಮ್ಮ.

ಚಪ್ಪಾಳೆ ಬಂತು. ಸ್ವಲ್ಪ ತಡವಾಗಿ, ಎಲ್ಲಿ ಶುರು ಮಾಡಬೇಕೆಂದು ತಿಳಿಯದವರ ಹಾಗೆ. ಊಟದ ಹೊತ್ತಿನಲ್ಲಿ ಕೆಲವರು ಅವರ ಹತ್ತಿರ ಬಂದು ಕೈ ಹಿಡಿದು ಮಾತಾಡಿದರು. ಕೆಲವರು ದೂರದಿಂದಲೇ ಕೈಮುಗಿದು ಹೋದರು.

ಸಂಜೆ ಐದಕ್ಕೆ ವಿಭಾಗ ಖಾಲಿಯಾಗಿತ್ತು. ವೀಕ್ಷಾ ಅವರ ಕೋಣೆಯ ಹೊರಗೆ ನಿಂತಳು. ಬಾಗಿಲು ತೆರೆದಿತ್ತು. ಜಯಲಕ್ಷ್ಮಮ್ಮ ಶಾಲನ್ನು ಕುರ್ಚಿಯ ಬೆನ್ನಿಗೆ ಹಾಕಿ, ರಟ್ಟಿನ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದರು.

"ನಿಂತ್ಕೊಂಡು ಏನ್ ನೋಡ್ತೀಯ? ಆ ತುದಿ ಹಿಡ್ಕೊ," ಎಂದರು.

ಅವಳು ಹಿಡಿದುಕೊಂಡಳು. ಇಬ್ಬರೂ ಸೇರಿ ಮೂರು ಪೆಟ್ಟಿಗೆ ಕಟ್ಟಿದರು. ನಾಲ್ಕನೆಯದಕ್ಕೆ ಗಂಟು ಹಾಕುವಾಗ ಜಯಲಕ್ಷ್ಮಮ್ಮ ತಲೆಯೆತ್ತದೆ ಹೇಳಿದರು, "ಭಾನುವಾರ ನಾನು ನಿನ್ನ ಹಂಗ್ ಕೇಳ್ಬಾರ್ದಾಗಿತ್ತು ಕಣೆ."

"ಇರ್ಲಿ ಮೇಡಂ."

"ಇರ್ಲಿ ಅನ್ಬೇಡ. ಕೇಳ್ಬಾರ್ದಾಗಿತ್ತು." ಗಂಟನ್ನು ಬಿಗಿದರು. "ಪೆರುಂಗುಡಿ ಕೆಲಸ ಹೋಯ್ತಂತೆ?"

"ಹೋಯ್ತು."

"ಸೋಮವಾರ ಬಾ ಮನೆಗೆ. ಬೇರೆ ನಾಲ್ಕೈದು ಅಣು ಹುಡುಕನ. ಮಾಸ್ ನಾನೇ ಟೈಪ್ ಮಾಡ್ತೀನಿ." ಅವರ ಮುಖದಲ್ಲಿ ಎಲ್ಲೋ ಒಂದು ಸಣ್ಣ ನಗು ಬಂದು ಹೋಯಿತು. ವೀಕ್ಷಾಳೂ ನಕ್ಕಳು, ಮತ್ತು ನಗುವಾಗ ಕಣ್ಣು ತುಂಬಿತು. ಹಗ್ಗದ ಧೂಳು ಬಿದ್ದಿತೆಂಬಂತೆ ಅದನ್ನು ಒರೆಸಿಕೊಂಡಳು.

ಪೆಟ್ಟಿಗೆಗಳನ್ನೆಲ್ಲ ಆಟೋದಲ್ಲಿ ತುಂಬಿಸಿದಾಗ ಇಬ್ಬರಿಗೆ ಕೂರಲು ಸರಿಯಾಗಿ ಜಾಗವಿರಲಿಲ್ಲ. ಜಯಲಕ್ಷ್ಮಮ್ಮ ಡ್ರೈವರನ ಜೊತೆ ಬಾಡಿಗೆಗೆ ಜಗಳವಾಡಿ ಗೆದ್ದು, ಒಳಗೆ ಸರಿದು ಕೂತರು. ವೀಕ್ಷಾ ತೊಡೆಯ ಮೇಲೊಂದು ಪೆಟ್ಟಿಗೆ ಇಟ್ಟುಕೊಂಡಳು. ಕತ್ತಿಪಾರ ಮೇಲ್ಸೇತುವೆ ಇಳಿಯುವ ಹೊತ್ತಿಗೆ ಜಯಲಕ್ಷ್ಮಮ್ಮನವರ ಮಾತು ನಿಂತಿತ್ತು. ಆಚೆಗೆ ರಸ್ತೆಯುದ್ದಕ್ಕೂ ಮೆಟ್ರೋದವರು ಅಗೆದು ತಗಡು ನಿಲ್ಲಿಸಿದ್ದರು. ಆಟೋ ಒಂದೇ ಸಾಲಿನಲ್ಲಿ ತೆವಳುತ್ತ, ಹೊಂಡ ಹೊಂಡಕ್ಕೂ ಕುಲುಕುತ್ತಿತ್ತು. ಮೋಡ ಕವಿದು ಧೂಳಿನ ವಾಸನೆ ಎದ್ದಿತ್ತು.

ತಿರುಗಿ ನೋಡಿದರೆ ಅವರು ನಿದ್ದೆ ಹೋಗಿದ್ದರು. ಕನ್ನಡಕ ಜಾರಿತ್ತು. ತಲೆ ಮೆಲ್ಲನೆ ವಾಲಿ ವೀಕ್ಷಾಳ ತೊಡೆಯ ಮೇಲಿದ್ದ ಪೆಟ್ಟಿಗೆಯ ಅಂಚಿಗೆ ಬಂದು ನಿಂತಿತು. ಅವಳು ಪೆಟ್ಟಿಗೆ ಅಲುಗದಂತೆ ಒಂದು ಕೈಯಲ್ಲಿ ತಬ್ಬಿಕೊಂಡು, ಇನ್ನೊಂದು ಅಂಗೈಯನ್ನು ಅಂಚಿಗೂ ಅವರ ಹಣೆಗೂ ನಡುವೆ ತೂರಿಸಿ ಇಟ್ಟಳು. ಮುಂದೆ ಇನ್ನೊಂದು ಹೊಂಡ ಬರುತ್ತಿತ್ತು.